ಜೇಷ್ಠಮಧು: ಹೊಟ್ಟೆಹುಣ್ಣಿನ ಮದ್ದಾದ ಬೇರಿನ ಚರಿತ್ರೆ

ಗ್ರಂದಿಗೆ ಅಂಗಡಿಯ ಡಬ್ಬದಲ್ಲಿರುವ ಜೇಷ್ಠಮಧು ಮೊದಲ ನೋಟಕ್ಕೆ ಒಣಗಿದ ಪುರಳೆಯಂತೆ ಕಾಣುತ್ತದೆ. ಕಿರುಬೆರಳಿನ ದಪ್ಪ, ಮೇಲೆ ಉದ್ದುದ್ದಕ್ಕೆ ಸುಕ್ಕುಗಟ್ಟಿದ ಕಂದು ಸಿಪ್ಪೆ. ಮುರಿದರೆ ಒಳಗೆಲ್ಲ ಹಳದಿ, ನಾರುನಾರು. ಬಾಯಿಗೆ ಹಾಕಿ ಅಗಿದರೆ ಸಿಹಿ ಕೂಡಲೇ ಹತ್ತುವುದಿಲ್ಲ. ತಡವಾಗಿ ಏಳುತ್ತದೆ, ಎದ್ದ ಮೇಲೆ ಬೇಗ ಹೋಗುವುದೂ ಇಲ್ಲ. ಈ ಸಿಹಿಗೆ ಕಾರಣ ಗ್ಲೈಸಿರೈಜಿನ್ ಎಂಬ ವಸ್ತು. ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿಯಾದದ್ದು. 20ನೇ ಶತಮಾನದ ನಡುವಿನಲ್ಲಿ ಹೊಟ್ಟೆಹುಣ್ಣನ್ನು ಮಾಯಿಸಿ ವೈದ್ಯರನ್ನು ಬೆರಗುಗೊಳಿಸಿದ್ದು ಇದೇ ವಸ್ತು. ಹುಣ್ಣು ಮಾದ ರೋಗಿಗಳ ಕಾಲು ಊದಿಸಿ, ರಕ್ತದೊತ್ತಡ ಏರಿಸಿದ್ದೂ ಇದೇ. ಆ ನಂತರದ ಜೇಷ್ಠಮಧುವಿನ ಚರಿತ್ರೆ ಬಹುಮಟ್ಟಿಗೆ ಈ ಎರಡು ಗುಣಗಳನ್ನು ಒಂದರಿಂದೊಂದು ಬಿಡಿಸಲು ನಡೆದ ಹೆಣಗಾಟದ ಚರಿತ್ರೆ.

ಜೇಷ್ಠಮಧು, ಅತಿಮಧುರ, ಯಷ್ಟಿಮಧು ಎಂಬ ಹೆಸರುಗಳೆಲ್ಲ ಒಂದೇ ಗಿಡದವು. ಯಷ್ಟಿ ಎಂದರೆ ಕೋಲು, ಹಾಗಾಗಿ ಯಷ್ಟಿಮಧು ಎಂದರೆ ಸಿಹಿಗೋಲು. ಗ್ರೀಕರು ‘ಸಿಹಿಬೇರು’ ಎಂಬ ಅರ್ಥದಲ್ಲಿ ಗ್ಲೈಸಿರೈಜಾ ಎಂದು ಕರೆದರು, ಸಸ್ಯಶಾಸ್ತ್ರ ಆ ಹೆಸರನ್ನೇ ಉಳಿಸಿಕೊಂಡಿದೆ. ತೊಗರಿ, ಹುರುಳಿಗಳ ಕುಟುಂಬಕ್ಕೆ ಸೇರಿದ ಈ ಗಿಡ ದಕ್ಷಿಣ ಯುರೋಪಿನಿಂದ ಟರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ಮಧ್ಯ ಏಷ್ಯಾದವರೆಗೂ ಬೆಳೆಯುತ್ತದೆ. ಬೇರು ಒಂದು ಮೀಟರಿಗಿಂತ ಆಳಕ್ಕೆ ಇಳಿಯುತ್ತದೆ, ಜೊತೆಗೆ ನೆಲದೊಳಗೇ ಅಡ್ಡಡ್ಡ ಹರಿದು ಹೊಸ ಗಿಡ ಎಬ್ಬಿಸುತ್ತದೆ. ನೆಟ್ಟ ಮೂರು ನಾಲ್ಕು ವರ್ಷಕ್ಕೆ ಬೇರು ಕೀಳುವಷ್ಟು ಬಲಿಯುತ್ತದೆ. ಅಗೆದಾಗ ಮಣ್ಣಿನಲ್ಲಿ ಉಳಿದ ತುಂಡುಗಳಿಂದ ಮುಂದಿನ ಬೆಳೆ ತಾನೇ ಚಿಗುರುತ್ತದೆ.

ದಕ್ಷಿಣ ಭಾರತದ ಮಣ್ಣಿನ ಗಿಡ ಇದಲ್ಲ. ಕರ್ನಾಟಕದ ಮನೆಗಳಲ್ಲಿ ಕೆಮ್ಮಿನ ಕಷಾಯಕ್ಕೆ ಬೀಳುವ, ಹಾಡುವವರೂ ಹರಿಕಥೆ ಮಾಡುವವರೂ ಗಂಟಲಿಗೆಂದು ದವಡೆಯಲ್ಲಿ ಇಟ್ಟುಕೊಳ್ಳುವ ಚೂರು ಹಿಂದಿನಿಂದಲೂ ವಾಯವ್ಯದ ದೇಶಗಳಿಂದ ವ್ಯಾಪಾರಿಗಳ ಕೈದಾಟಿ ಬಂದದ್ದು. ಹೊರಗಿನಿಂದ ಬರುವ ಸರಕಿಗೆ ಸ್ಥಳೀಯ ಬದಲಿ ಹುಡುಕುವುದು ವ್ಯಾಪಾರದಲ್ಲಿ ಸಹಜ. ಇಲ್ಲಿ ಆ ಬದಲಿ ಗುಲಗಂಜಿ ಬಳ್ಳಿಯ ಬೇರು. ಅದೂ ತುಸು ಸಿಹಿಯೇ. 19ನೇ ಶತಮಾನದ ಬ್ರಿಟಿಷ್ ಭಾರತದ ಔಷಧಗ್ರಂಥಗಳು ಅದನ್ನು ‘ಭಾರತದ ಜೇಷ್ಠಮಧು’ ಎಂದೇ ಕರೆದವು. ಚಿನ್ನ ತೂಗಲು ಬಳಸುತ್ತಿದ್ದ ಕೆಂಪು-ಕಪ್ಪು ಗುಲಗಂಜಿ ಬೀಜ ಮಾತ್ರ ಕಡುವಿಷ. ಒಂದೇ ಬಳ್ಳಿಯ ಬೇರಿಗೂ ಬೀಜಕ್ಕೂ ಇರುವ ಈ ಅಂತರ ತಿಳಿಯದವರ ಕೈಗೆ ಆ ಬದಲಿ ಸಿಗುವುದು ಅಪಾಯವೇ.

ಬೇರಿನ ಬಳಕೆ ಎಷ್ಟು ಹಳೆಯದೆಂಬುದಕ್ಕೆ ಹಲವು ನಾಡುಗಳ ಸಾಕ್ಷ್ಯವಿದೆ. ಕ್ರಿ.ಪೂ. 4-3ನೇ ಶತಮಾನದ ಗ್ರೀಕ್ ಸಸ್ಯಶಾಸ್ತ್ರಜ್ಞ ಥಿಯೋಫ್ರಾಸ್ಟಸ್ ಇದನ್ನು ಸಿಥಿಯನ್ನರ ಬೇರು ಎಂದು ಕರೆದು, ಒಣಕೆಮ್ಮಿಗೂ ಉಬ್ಬಸಕ್ಕೂ ಒಳ್ಳೆಯದು, ಬಾಯಾರಿಕೆ ತಣಿಸುತ್ತದೆ ಎಂದು ಬರೆದ. ಕ್ರಿ.ಶ. 1ನೇ ಶತಮಾನದ ಡಯಾಸ್ಕೊರಿಡೀಸ್ ಹೊಟ್ಟೆಯ ಉರಿಯನ್ನೂ ಆ ಪಟ್ಟಿಗೆ ಸೇರಿಸಿದ. ಚರಕಸಂಹಿತೆ ಯಷ್ಟಿಮಧುವಿನ ಪುಡಿಯನ್ನು ಹಾಲಿನಲ್ಲಿ ಸೇವಿಸಲು ಹೇಳುವುದು ಬುದ್ಧಿಬಲದ ರಸಾಯನವಾಗಿ. ಜಪಾನಿನ ನಾರಾ ನಗರದ ಶೋಸೋಇನ್ ಭಂಡಾರದಲ್ಲಿ, 756ರಲ್ಲಿ ತೀರಿಕೊಂಡ ಚಕ್ರವರ್ತಿ ಶೋಮುವಿನ ನೆನಪಿಗೆ ಬುದ್ಧನಿಗೆ ಅರ್ಪಿಸಿದ ಔಷಧಗಳ ನಡುವೆ ಈ ಬೇರಿನ ತುಂಡುಗಳು ಇಂದಿಗೂ ಇವೆ. ಚೀನೀ ವೈದ್ಯದಲ್ಲಂತೂ ಇದಿಲ್ಲದ ಕಷಾಯ ಕಡಿಮೆ. ಉಳಿದ ಮದ್ದುಗಳನ್ನು ಒಂದಕ್ಕೊಂದು ಹೊಂದಿಸುವ ಬೇರು ಎಂದು ಅಲ್ಲಿಯವರು ಇದನ್ನು ಎಣಿಸಿದರು.

ಆಯುರ್ವೇದ ಹೊಟ್ಟೆಯ ನೋವನ್ನು ಗಮನಿಸಿದ ಬಗೆ ಇಲ್ಲಿ ಮುಖ್ಯವಾಗುತ್ತದೆ. ಹುಳಿತೇಗು, ಎದೆಯುರಿ, ವಾಕರಿಕೆಗಳನ್ನು ಅಮ್ಲಪಿತ್ತವೆಂದೂ, ಉಂಡ ಅನ್ನ ಅರಗುವ ಹೊತ್ತಿಗೆ ಎದ್ದು ಬರುವ ನೋವನ್ನು ಪರಿಣಾಮಶೂಲವೆಂದೂ ಮಾಧವನಿದಾನ ಬೇರೆ ಬೇರೆ ಗುರುತಿಸುತ್ತದೆ. ಊಟಕ್ಕೂ ನೋವಿಗೂ ಇರುವ ಗಂಟೆಗಳ ಲೆಕ್ಕವೇ ಮುಂದೆ ಆಧುನಿಕ ವೈದ್ಯರಿಗೂ ಜಠರದ ಹುಣ್ಣನ್ನು ಸಣ್ಣಕರುಳಿನ ಮೊದಲ ಭಾಗದ ಹುಣ್ಣಿನಿಂದ ಬೇರ್ಪಡಿಸುವ ಸುಳಿವಾಯಿತು. ಹೊಟ್ಟೆಯೊಳಗನ್ನು ಕಣ್ಣಾರೆ ಕಾಣಲು ಯಾವ ಸಾಧನವೂ ಇಲ್ಲದ ಕಾಲದಲ್ಲಿ ಇಷ್ಟು ಸೂಕ್ಷ್ಮವಾಗಿ ನೋಡಿದ್ದು ದೊಡ್ಡ ಮಾತು. ಆದರೆ ಅಮ್ಲಪಿತ್ತವೇ ಅಲ್ಸರ್ ಎಂದು ಗಂಟುಹಾಕುವುದು ಸರಿಯಲ್ಲ. ಹಳೆಯ ಹೆಸರುಗಳು ಲಕ್ಷಣಗಳ ಹೆಸರುಗಳು. ಒಂದೊಂದರ ಕೆಳಗೂ ಇಂದಿನ ಹಲವು ರೋಗಗಳು ಬರಬಹುದು.

ಯುರೋಪಿನಲ್ಲಿ ಬೇರು ಮದ್ದಿನಂಗಡಿಯಿಂದ ಮಿಠಾಯಿ ಅಂಗಡಿಗೆ ನಡೆಯಿತು. ಇಟಲಿಯ ತುದಿಯ ಕಲಾಬ್ರಿಯಾದಲ್ಲಿ ಬೇರನ್ನು ಕಲ್ಲಿನ ಗಾಣದಲ್ಲಿ ಜಜ್ಜಿ, ದೊಡ್ಡ ಕೊಪ್ಪರಿಗೆಗಳಲ್ಲಿ ನೀರು ಹಾಕಿ ಕುದಿಸಿ, ಸೋಸಿದ ರಸವನ್ನು ಮತ್ತೆ ಒಲೆಯ ಮೇಲಿಟ್ಟು ಇಂಗಿಸುತ್ತಿದ್ದರು. ನಮ್ಮಲ್ಲಿ ಬೆಲ್ಲದ ಪಾಕ ಹದಕ್ಕೆ ಬರುವುದನ್ನು ಕಾಯುವಂತೆ ಅಲ್ಲಿಯೂ ಒಬ್ಬ ಅನುಭವಿ ನಿಂತು ಕಾಯಬೇಕು. ರಸ ಕಪ್ಪಾಗಿ, ಗಟ್ಟಿಯಾಗಿ, ಹೊಳಪು ಬಂದಾಗ ಕಡ್ಡಿಗಳಾಗಿ ಹೊಸೆದು ಮೇಲೆ ಮುದ್ರೆ ಒತ್ತುತ್ತಿದ್ದರು. ಅಲ್ಲಿನ ರೊಸ್ಸಾನೊ ಊರಿನ ಅಮರೆಲ್ಲಿ ಮನೆತನದ ಕಾರ್ಖಾನೆ 1731ರಿಂದ ಈ ಕೆಲಸ ನಡೆಸುತ್ತ ಬಂದಿದೆ. ಇಂಗ್ಲೆಂಡಿನ ಯಾರ್ಕ್‌ಶೈರಿನ ಪಾಂಟಿಫ್ರಾಕ್ಟ್ ಊರಿನ ಮರಳುಮಿಶ್ರಿತ ಆಳದ ಮಣ್ಣಿಗೂ ಗಿಡ ಒಗ್ಗಿತು. 1760ರಲ್ಲಿ ಅಲ್ಲಿನ ಔಷಧ ವ್ಯಾಪಾರಿ ಜಾರ್ಜ್ ಡನ್‌ಹಿಲ್ ಬೇರಿನ ರಸಕ್ಕೆ ಸಕ್ಕರೆ ಬೆರೆಸಿ ಬಿಲ್ಲೆ ಮಾಡಿದನೆಂದೂ, ಅಂದಿನಿಂದ ಮದ್ದು ಮಕ್ಕಳ ತಿಂಡಿಯಾಯಿತೆಂದೂ ಊರಿನವರು ಹೇಳುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಇದರ ಕಪ್ಪು ಮಿಠಾಯಿಗೆ ‘ಡ್ರಾಪ್’ ಎಂದು ಹೆಸರು. ತಲೆಗೆ ವರ್ಷಕ್ಕೆ ಎರಡು ಕಿಲೋ ಲೆಕ್ಕದಲ್ಲಿ ಡಚ್ಚರು ಅದನ್ನು ತಿನ್ನುತ್ತಾರೆ. ಹುಣ್ಣಿನ ಮದ್ದಾಗಿ ಜೇಷ್ಠಮಧುವಿನ ಎರಡನೆಯ ಜನ್ಮ ಅದೇ ನಾಡಿನಲ್ಲಿ ಆಯಿತು.

ಅದಕ್ಕೆ ಮುಂಚೆ ಹೊಟ್ಟೆಹುಣ್ಣಿನವರ ಪಾಡು ಹೇಗಿತ್ತೆಂಬುದನ್ನು ನೋಡಬೇಕು. 1910ರಲ್ಲಿ ಜಾಗ್ರೆಬ್ ನಗರದ ಶಸ್ತ್ರವೈದ್ಯ ಕಾರ್ಲ್ ಶ್ವಾರ್ಟ್ಸ್ ಆಮ್ಲವಿಲ್ಲದೆ ಹುಣ್ಣಿಲ್ಲ ಎಂಬ ಸೂತ್ರ ಕೊಟ್ಟ. 1915ರಲ್ಲಿ ಷಿಕಾಗೋದ ಬರ್ಟ್ರಾಮ್ ಸಿಪ್ಪಿ ಗಂಟೆಗೊಮ್ಮೆ ಹಾಲು ಕೆನೆ, ನಡುನಡುವೆ ಕ್ಷಾರದ ಪುಡಿ ಕೊಡುವ ಪಥ್ಯವನ್ನು ಪ್ರಕಟಿಸಿದ. ರೋಗಿಗಳು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿ ಹಾಲು ಕುಡಿಯುತ್ತ ಬದುಕಿದರು. ಅದಕ್ಕೂ ಬಗ್ಗದಿದ್ದರೆ ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ. ಎಲ್ಲರ ಕಣ್ಣೂ ಆಮ್ಲದ ಮೇಲಿತ್ತು. ಮಾಂಸವನ್ನೇ ಕರಗಿಸುವ ಆಮ್ಲವನ್ನು ಹಗಲಿರುಳೂ ಹೊತ್ತ ಜಠರ ತನ್ನನ್ನೇ ಏಕೆ ಅರಗಿಸಿಕೊಳ್ಳುವುದಿಲ್ಲ ಎಂಬ ಪ್ರಶ್ನೆ ಹಿಂದೆ ಉಳಿದಿತ್ತು. ಉತ್ತರ ಜಠರದ ಒಳಗೋಡೆಯಲ್ಲಿದೆ. ಗೋಡೆಯ ಮೇಲೆ ಲೋಳೆಯ ಹೊದಿಕೆ, ಅದರ ಅಡಿಯಲ್ಲಿ ಆಮ್ಲವನ್ನು ತಣಿಸುವ ಬೈಕಾರ್ಬನೇಟ್, ಅದರ ಕೆಳಗೆ ಕೆಲವೇ ದಿನಗಳಿಗೊಮ್ಮೆ ಉದುರಿ ಹೊಸದಾಗುವ ಜೀವಕೋಶಗಳ ಪದರ. ಆಮ್ಲ ಹೆಚ್ಚಾದಾಗ ಮಾತ್ರವಲ್ಲ, ಈ ಗೋಡೆ ಸೋತಾಗಲೂ ಹುಣ್ಣಾಗುತ್ತದೆ.

1946ರಲ್ಲಿ, ಯುದ್ಧ ಮುಗಿದ ಮರುವರ್ಷ, ಡಚ್ ವೈದ್ಯ ರೇವರ್ಸ್ ತನ್ನ ದೇಶದ ವೈದ್ಯಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದ. ಜೇಷ್ಠಮಧುವಿನ ಗಟ್ಟಿರಸಕ್ಕೆ ಜಠರದ ಹುಣ್ಣನ್ನು ಮಾಯಿಸುವ ಶಕ್ತಿಯಿದೆಯೇ ಎಂಬ ಪ್ರಶ್ನೆಯೇ ಅದರ ತಲೆಬರಹ. ಮದ್ದಿನಂಗಡಿಯವರು ಬೇರಿನ ರಸ ಬೆರೆಸಿ ಮಾಡಿಕೊಡುತ್ತಿದ್ದ ಲೇಹದಿಂದ ಹುಣ್ಣಿನ ರೋಗಿಗಳು ಚೇತರಿಸಿಕೊಳ್ಳುವುದನ್ನು ಆತ ಗಮನಿಸಿದ್ದ. ಹಾಗೆ ಗಮನಿಸುವಾಗಲೇ ಇನ್ನೊಂದೂ ಕಣ್ಣಿಗೆ ಬಿತ್ತು: ಸುಮಾರು ಐವರಲ್ಲಿ ಒಬ್ಬರಿಗೆ ಮುಖ, ಕಾಲು ಊದಿಕೊಂಡಿದ್ದವು, ಕೆಲವರಿಗೆ ತಲೆನೋವೂ ಬಂದಿತ್ತು. ಮದ್ದು ನಿಲ್ಲಿಸಿದರೆ ಊತ ಇಳಿಯುತ್ತಿತ್ತು. ಆತ ಗುಣವನ್ನು ಬರೆದಷ್ಟೇ ಪ್ರಾಮಾಣಿಕವಾಗಿ ದೋಷವನ್ನೂ ಬರೆದ. ಮುಂದಿನ ಎರಡು ದಾರಿಗಳೂ ಆ ಪ್ರಾಮಾಣಿಕತೆಯಿಂದಲೇ ತೆರೆದುಕೊಂಡವು.

ಮೊದಲ ದಾರಿ ಊತದ ಬೆನ್ನು ಹತ್ತಿತು. 1950ರಲ್ಲಿ ಡಚ್ ವೈದ್ಯರ ತಂಡವೊಂದು ಜೇಷ್ಠಮಧುವಿನ ಸಾರ ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ, ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುತ್ತದೆ ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿತು. ಮೂತ್ರಪಿಂಡದ ನೆತ್ತಿಯ ಅಡ್ರಿನಲ್ ಗ್ರಂಥಿಯ ಹಾರ್ಮೋನು ಮಾಡುವ ಕೆಲಸವೇ ಇದು. ಆ ಗ್ರಂಥಿ ಕೆಟ್ಟವರಿಗೆ ಬರುವ ಆಡಿಸನ್ ರೋಗದಲ್ಲಿ ಈ ಬೇರನ್ನೇ ಮದ್ದಾಗಿ ಬಳಸಿ ನೋಡಿದರು. 1953ರಲ್ಲಿ, ಕಾರ್ಟಿಸೋನ್ ಎಂಬ ಔಷಧದ ಜೊತೆ ಕೊಟ್ಟರೆ ಎರಡೂ ಒಂದಕ್ಕೊಂದು ಬಲ ಕೊಡುತ್ತವೆ ಎಂಬುದು ತಿಳಿಯಿತು. ಏಕೆಂಬುದು ತಿಳಿಯಲು ಇನ್ನೂ 34 ವರ್ಷ ಬೇಕಾಯಿತು.

ಎರಡನೆಯ ದಾರಿ ಲಂಡನ್ನಿಗೆ ಹೋಯಿತು. ಅಲ್ಲಿನ ಬಯೋರೆಕ್ಸ್ ಎಂಬ ಪುಟ್ಟ ಔಷಧ ಸಂಸ್ಥೆಯ ಸೀಗ್‌ಫ್ರೀಡ್ ಗಾಟ್‌ಫ್ರೀಡ್ ಮತ್ತು ಸಂಗಡಿಗರು ಗ್ಲೈಸಿರೈಜಿನ್‌ನ ಸಕ್ಕರೆಯ ಭಾಗ ಕಳಚಿ, ಉಳಿದ ಗ್ಲೈಸಿರೆಟಿನಿಕ್ ಆಮ್ಲಕ್ಕೆ ಸಕ್ಸಿನಿಕ್ ಆಮ್ಲದ ಕೊಂಡಿ ಜೋಡಿಸಿ, ನೀರಿನಲ್ಲಿ ಕರಗುವ ಸೋಡಿಯಂ ಲವಣ ಮಾಡಿದರು. ಅದೇ ಕಾರ್ಬೆನೊಕ್ಸೊಲೋನ್. ಹೊಟ್ಟೆಹುಣ್ಣಿನ ಮಾತ್ರೆಯಾಗಿ ಬಯೋಗ್ಯಾಸ್ಟ್ರೋನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು.

ಇದನ್ನು ಒರೆಗೆ ಹಚ್ಚಿದವರು ರಿಚರ್ಡ್ ಡಾಲ್, ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿ ಹೆಸರಾದ ಡಾಲ್ ಅವರೇ. ಅವರು ಹುಣ್ಣಿನ ವಿಷಯದಲ್ಲಿ ಮಾಡಿದ ಕೆಲಸಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಹೊಟ್ಟೆಹುಣ್ಣು ತಾನಾಗಿ ಏರಿ ಇಳಿಯುವ ರೋಗ. ನೋವು ಕಡಿಮೆಯಾದ ಮಾತ್ರಕ್ಕೆ ಮದ್ದು ಗೆದ್ದಿತೆನ್ನಲಾಗದು. ಆದ್ದರಿಂದ ಡಾಲ್ ಮತ್ತು ಸಂಗಡಿಗರು ರೋಗಿಗೆ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದು, ಚಿತ್ರದಲ್ಲಿ ಕಾಣುವ ಹುಣ್ಣಿನ ಗುಳಿಯನ್ನು ಚಿಕಿತ್ಸೆಗೆ ಮುಂಚೆ ಮತ್ತು ವಾರಗಳ ನಂತರ ಅಳೆದು ಹೋಲಿಸಿದರು. ಯಾರಿಗೆ ಮದ್ದು, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ಹಂಚಿದರು. ಈ ಅಳತೆಗೋಲಿನ ಮುಂದೆ ಹಳೆಯ ನಂಬಿಕೆಗಳಲ್ಲಿ ಕೆಲವು ನಿಂತವು, ಕೆಲವು ಬಿದ್ದವು. ಆಸ್ಪತ್ರೆಯ ಹಾಸಿಗೆಯಲ್ಲಿ ವಿಶ್ರಾಂತಿ ಪಡೆದವರ ಹುಣ್ಣು ಬೇಗ ಮಾಯಿತು, ಸಿಗರೇಟು ಬಿಟ್ಟವರದ್ದೂ ಬೇಗ ಮಾಯಿತು. ಸಪ್ಪೆ ಪಥ್ಯದಿಂದ ಏನೂ ಲಾಭವಾಗಲಿಲ್ಲ. ದಶಕಗಳ ಕಾಲ ಖಾರ, ಹುಳಿ, ಒಗ್ಗರಣೆ ಬಿಟ್ಟು ಹಾಲು ಅನ್ನದಲ್ಲಿ ಬದುಕಿದ ರೋಗಿಗಳನ್ನು ನೆನೆದರೆ ಈ ಫಲಿತಾಂಶದ ತೂಕ ಅರಿವಾಗುತ್ತದೆ.

ಎಲೆಕೋಸಿನ ರಸವೂ ಇದೇ ಪರೀಕ್ಷೆಗೆ ಬಂತು. ಕ್ಯಾಲಿಫೋರ್ನಿಯಾದ ವೈದ್ಯ ಗಾರ್ನೆಟ್ ಚೀನಿ 1949ರಲ್ಲಿ, ಹಸಿ ಎಲೆಕೋಸಿನ ರಸ ಕುಡಿದ 13 ರೋಗಿಗಳ ಹುಣ್ಣು ಬಹು ಬೇಗ ಮಾಯಿತೆಂದು ವರದಿ ಮಾಡಿದ್ದರು. ರಸದಲ್ಲಿರುವ ಕಾಣದ ವಸ್ತುವಿಗೆ ‘ವಿಟಮಿನ್ ಯು’ ಎಂಬ ಹೆಸರೂ ಬಿತ್ತು. ಲಂಡನ್ನಿನಲ್ಲಿ 1954ರಲ್ಲಿ ಪ್ರಕಟವಾದ ಡಾಲ್ ಅವರ ಪ್ರಯೋಗದಲ್ಲಿ ಜಠರದ ಹುಣ್ಣಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಸಸ್ಯದಿಂದ ಬಂದದ್ದೆಂಬ ಕಾರಣಕ್ಕೆ ಡಾಲ್ ಯಾವುದನ್ನೂ ಮೆಚ್ಚಲಿಲ್ಲ, ತಳ್ಳಿಹಾಕಲೂ ಇಲ್ಲ. 1962ರಲ್ಲಿ ಕಾರ್ಬೆನೊಕ್ಸೊಲೋನಿನ ಸರದಿ ಬಂದಾಗ ಗುಳಿ ಕಿರಿದಾಯಿತು. ಮದ್ದು ಪಡೆಯದವರಿಗಿಂತ ಪಡೆದವರಲ್ಲಿ ಜಠರದ ಹುಣ್ಣು ಬೇಗ ಮಾಯಿತು. ಸಣ್ಣಕರುಳಿನ ಹುಣ್ಣಿನಲ್ಲಿ ಮಾತ್ರ ಆ ಫಲ ಕಾಣಲಿಲ್ಲ. ಹಾಸಿಗೆ ಹಿಡಿಯದೆ, ದಿನದ ಕೆಲಸ ನಡೆಸುತ್ತಲೇ ಜಠರದ ಹುಣ್ಣನ್ನು ಮಾಯಿಸಿಕೊಳ್ಳಬಹುದಾದ ಮಾತ್ರೆ ಕಟ್ಟುನಿಟ್ಟಿನ ಪ್ರಯೋಗದಲ್ಲಿ ನಿಂತದ್ದು ಆ ಕಾಲಕ್ಕೆ ಹೊಸ ಸಂಗತಿ. ಆಮ್ಲವನ್ನು ತಗ್ಗಿಸುವುದು ಅದರ ಮುಖ್ಯ ಕೆಲಸವಾಗಿರಲಿಲ್ಲ. ಅದು ಲೋಳೆಯನ್ನು ಹೆಚ್ಚಿಸುತ್ತಿತ್ತು, ಒಳಪದರದ ಜೀವಕೋಶಗಳ ಆಯುಸ್ಸು ಹೆಚ್ಚಿಸುತ್ತಿತ್ತು, ಗೋಡೆಯನ್ನು ಕಾಯುವ ಪ್ರೋಸ್ಟಗ್ಲಾಂಡಿನ್‌ಗಳು ಬೇಗ ಒಡೆಯದಂತೆ ತಡೆಯುತ್ತಿತ್ತು.

ಊತ ಮಾತ್ರ ಬೆನ್ನು ಬಿಡಲಿಲ್ಲ. ಕಾರ್ಬೆನೊಕ್ಸೊಲೋನ್ ತೆಗೆದುಕೊಂಡ ಹಲವರಲ್ಲಿ ರಕ್ತದೊತ್ತಡ ಏರಿತು, ಪೊಟ್ಯಾಸಿಯಂ ಕುಸಿಯಿತು, ವಯಸ್ಸಾದವರಲ್ಲಿ ಹೃದಯಕ್ಕೆ ಹೊರೆಯಾಯಿತು. ಉಪ್ಪು ಹಿಡಿಯುವ ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಅನ್ನು ಜೊತೆಗೆ ಕೊಟ್ಟು ನೋಡಿದರು. 1968ರಲ್ಲಿ ಪ್ರಕಟವಾದ ಆ ಪ್ರಯೋಗದ ಫಲ ನಿರಾಸೆ ತಂದಿತು: ಊತ ನಿಂತಿತು, ಅದರ ಜೊತೆಗೇ ಹುಣ್ಣು ಮಾಯುವುದೂ ನಿಂತಿತು. ಬೇರೆ ಬಗೆಯ ಮೂತ್ರವರ್ಧಕ ಕೊಟ್ಟರೆ ಹುಣ್ಣು ಮಾಯುತ್ತಿತ್ತು, ಆದರೆ ಪೊಟ್ಯಾಸಿಯಂ ಇನ್ನಷ್ಟು ಬೀಳುತ್ತಿತ್ತು.

ಇನ್ನು ಕೆಲವರು ಬೇರಿನಿಂದ ಗ್ಲೈಸಿರೈಜಿನ್ ಅನ್ನೇ ತೆಗೆದುಹಾಕಿ ಉಳಿದ ಸಾರವನ್ನು ಕೊಟ್ಟರು. 1960ರ ದಶಕದ ಕೊನೆಯಲ್ಲಿ ಬಂದ ಕೆಲವು ವರದಿಗಳು ಆಶೆ ಹುಟ್ಟಿಸಿದವು, 1978ರ ಒಂದು ಎಚ್ಚರಿಕೆಯ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಹಾಗೆ ಸಿಹಿ ಕಳೆದ ಜೇಷ್ಠಮಧುವಿನ ಮಾತ್ರೆಗಳು ಇಂದಿಗೂ ಪಾಶ್ಚಾತ್ಯ ದೇಶಗಳ ಅಂಗಡಿಗಳಲ್ಲಿ ಸಿಗುತ್ತವೆ. ಹುಣ್ಣು ಮಾಯಿಸುವ ವಿಷಯದಲ್ಲಿ ಅವುಗಳ ಪರ ಇರುವ ಸಾಕ್ಷ್ಯ ತೆಳುವಾದದ್ದು.

1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಸಿಮೆಟಿಡಿನ್ ಬಂತು. ಜೇಮ್ಸ್ ಬ್ಲ್ಯಾಕ್ ತಂಡದ ಈ ಔಷಧ ಆಮ್ಲ ಸುರಿಯುವ ಆಜ್ಞೆಯನ್ನೇ ತಡೆಯುತ್ತಿತ್ತು. ಜಠರ, ಸಣ್ಣಕರುಳು ಎರಡರ ಹುಣ್ಣಿಗೂ ಆಗುತ್ತಿತ್ತು, ಕಾಲು ಊದಿಸುತ್ತಿರಲಿಲ್ಲ. ಕಾರ್ಬೆನೊಕ್ಸೊಲೋನ್ ಮೆಲ್ಲನೆ ಹಿಂದೆ ಸರಿದು, ಬಾಯಿಹುಣ್ಣಿಗೆ ಹಚ್ಚುವ ಜೆಲ್‌ನಂಥ ಸಣ್ಣ ಪಾತ್ರಗಳಿಗೆ ಇಳಿಯಿತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಜಠರದ ಲೋಳೆಯಲ್ಲಿ ವಾಸಿಸುವ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದ ಮೇಲೆ ರೋಗದ ತಿಳಿವಳಿಕೆಯೇ ತಿರುಗಿತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಹೆಸರು ಪಡೆದ ಆ ಜೀವಿಯೂ, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳೂ ಬಹುಪಾಲು ಹುಣ್ಣುಗಳಿಗೆ ಕಾರಣ. ಎರಡೂ ಹಾಳುಮಾಡುವುದು ಜಠರದ ಗೋಡೆಯನ್ನೇ. ಆಂಟಿಬಯಾಟಿಕ್ ಕೊಟ್ಟು ಕ್ರಿಮಿಯನ್ನು ನಿರ್ಮೂಲ ಮಾಡಿದರೆ ಹುಣ್ಣು ಮರಳುವುದು ಬಹಳ ಅಪರೂಪವಾಯಿತು. ಯಾವ ಗಿಡಮೂಲಿಕೆಯೂ ಈ ಚಿಕಿತ್ಸೆಗೆ ಸಾಟಿಯಾಗಿ ನಿಂತಿಲ್ಲ.

ಜೇಷ್ಠಮಧುವಿನ ಒಗಟು ಬಿಡಿಸಿದ್ದು ಹುಣ್ಣಿನ ಮದ್ದಾಗಿ ಅದರ ಕಾಲ ಮುಗಿದ ಮೇಲೆ. ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೇರಳ. ಉಪ್ಪು ಹಿಡಿಯುವ ಕೆಲಸಕ್ಕೆಂದು ಮೂತ್ರಪಿಂಡದಲ್ಲಿರುವ ಬೀಗಕ್ಕೆ ಅದರ ಕೀಲಿಯೂ ಕೂಡುತ್ತದೆ. ಅದು ಅಲ್ಲಿ ಕೈ ಹಾಕದಂತೆ ಒಂದು ಕಿಣ್ವ ಕಾವಲು ನಿಂತು ಕಾರ್ಟಿಸಾಲ್ ಅನ್ನು ಕಾರ್ಟಿಸೋನ್ ಆಗಿ ಬದಲಿಸಿ ನಿಷ್ಕ್ರಿಯಗೊಳಿಸುತ್ತದೆ. ಜೇಷ್ಠಮಧು ಆ ಕಾವಲುಗಾರನನ್ನು ಕಟ್ಟಿಹಾಕುತ್ತದೆ ಎಂದು 1987ರಲ್ಲಿ ಎಡಿನ್‌ಬರಾದ ಪಾಲ್ ಸ್ಟುವರ್ಟ್, ಕ್ರಿಸ್ಟೋಫರ್ ಎಡ್ವರ್ಡ್ಸ್ ಮತ್ತಿತರರು ತೋರಿಸಿದರು. ಬೇರು ತಾನೇ ಹಾರ್ಮೋನಿನಂತೆ ನಟಿಸುತ್ತಿದೆ ಎಂಬ ಹಳೆಯ ವಿವರಣೆ ಬದಿಗೆ ಸರಿಯಿತು. 1953ರಲ್ಲಿ ಬೇರಿಗೂ ಕಾರ್ಟಿಸೋನಿಗೂ ಕಂಡ ಹೊಂದಾಣಿಕೆಗೆ ಕಾರಣ ಸಿಕ್ಕಿತು. ಹುಟ್ಟಿನಿಂದಲೇ ಈ ಕಿಣ್ವವಿಲ್ಲದ ಮಕ್ಕಳಲ್ಲಿ ಕಾಣುವ ಅಪರೂಪದ ರಕ್ತದೊತ್ತಡದ ಕಾಯಿಲೆಯನ್ನು ಅರಿಯಲೂ ಈ ಬೇರು ನೆರವಾಯಿತು.

ಗೋಡೆಯನ್ನು ಬಲಪಡಿಸುವ ಯೋಚನೆ ಪೂರ್ವ ಏಷ್ಯಾದಲ್ಲಿ ಮುಂದುವರಿಯಿತು. ಚೀನೀ ವೈದ್ಯದ ಒಂದು ಬೇರಿನ ಸೊಫೊರಾಡಿನ್ ಅನ್ನು ಮಾದರಿಯಾಗಿಟ್ಟುಕೊಂಡು ಜಪಾನಿನಲ್ಲಿ ಸೋಫಾಲ್ಕೋನ್ ಮಾಡಿದರು. ಥಾಯ್ಲೆಂಡಿನ ಪ್ಲಾವ್-ನೋಯಿ ಗಿಡದ ಎಲೆಗಳಿಂದ ಪ್ಲೌನೊಟಾಲ್ ತೆಗೆದು ಹುಣ್ಣಿನ ಔಷಧವಾಗಿ ಮಾರಿದರು. ದಕ್ಷಿಣ ಕೊರಿಯಾದಲ್ಲಿ ಮಾಚಿಪತ್ರೆಯ ಜಾತಿಯ ಗಿಡವೊಂದರ ಸಾರ ಜಠರದ ಉರಿಯೂತಕ್ಕೆ ವೈದ್ಯರು ಬರೆಯುವ ಔಷಧವಾಯಿತು. ಅದರ ಮುಖ್ಯಾಂಶ ಯುಪಾಟಿಲಿನ್. ಭಾರತದಲ್ಲಿ ಬಾಳೆಕಾಯಿಯ ಮೇಲೆ 1960ರ ದಶಕದಿಂದ ಪ್ರಯೋಗಗಳು ನಡೆದವು. 1984ರಲ್ಲಿ ಇಂಗ್ಲೆಂಡಿನ ಒಂದು ತಂಡ, ಒಣಗಿಸಿದ ಬಾಳೆಕಾಯಿ ಪುಡಿ ಆಸ್ಪಿರಿನ್ ತಿನ್ನಿಸಿದ ಇಲಿಗಳನ್ನು ಹುಣ್ಣಿನಿಂದ ಕಾಯುತ್ತದೆ, ಹಣ್ಣಾದ ಮೇಲೆ ಆ ಗುಣ ಇರುವುದಿಲ್ಲ ಎಂದು ವರದಿ ಮಾಡಿತು. ಇಲಿಯ ಹೊಟ್ಟೆಯಲ್ಲಿ ಗೆದ್ದ ಸಸ್ಯಗಳ ಪಟ್ಟಿ ಬಹಳ ಉದ್ದ. ಮನುಷ್ಯರ ಮೇಲೆ ಡಾಲ್ ಮಾಡಿದಂಥ ಅಳತೆಗೆ ಒಡ್ಡಿಕೊಂಡವು ಬೆರಳೆಣಿಕೆಯಷ್ಟು.

ಜೇಷ್ಠಮಧುವಿನ ಕಥೆಯ ಇತ್ತೀಚಿನ ಅಧ್ಯಾಯ ಬೆಂಗಳೂರಿನದು. ಇಲ್ಲಿನ ನ್ಯಾಚುರಲ್ ರೆಮಿಡೀಸ್ ಸಂಸ್ಥೆ ಬೇರಿನ ಫ್ಲೇವನಾಯ್ಡ್‌ಗಳನ್ನು, ಅದರಲ್ಲೂ ಗ್ಲಾಬ್ರಿಡಿನ್ ಎಂಬುದನ್ನು ಉಳಿಸಿಕೊಂಡು ಗ್ಲೈಸಿರೈಜಿನ್ ಅನ್ನು ಬಹುಮಟ್ಟಿಗೆ ಕಡಿಮೆ ಮಾಡಿದ ಸಾರವನ್ನು ಗಟ್‌ಗಾರ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 50 ಮಂದಿ ಅಜೀರ್ಣದ ರೋಗಿಗಳು 30 ದಿನ ಇದನ್ನೋ ಹುಸಿಮಾತ್ರೆಯನ್ನೋ ತೆಗೆದುಕೊಂಡರು. ಸಾರ ಪಡೆದವರ ಹೊಟ್ಟೆಯುಬ್ಬರ, ಉರಿಯಂಥ ತೊಂದರೆಗಳು ಹೆಚ್ಚು ತಗ್ಗಿದವು. ಆ ರೋಗಿಗಳಿಗೆ ಇದ್ದದ್ದು ಹುಣ್ಣಲ್ಲ, ಹುಣ್ಣಿಲ್ಲದ ಹೊಟ್ಟೆನೋವು. ಸಂಖ್ಯೆಯೂ ಚಿಕ್ಕದು. ಅಷ್ಟನ್ನು ನೆನಪಿಟ್ಟುಕೊಂಡೇ ಆ ಫಲಿತಾಂಶವನ್ನು ಓದಬೇಕು.

ಬೇರಿನ ಸಿಹಿಯ ಮೇಲಿನ ಎಚ್ಚರ ಈಗ ಕಾನೂನಿಗೂ ಬಂದಿದೆ. ಯುರೋಪಿನ ತಜ್ಞರ ಸಮಿತಿ ಗ್ಲೈಸಿರೈಜಿಕ್ ಆಮ್ಲವನ್ನು ದಿನಕ್ಕೆ 100 ಮಿಲಿಗ್ರಾಂ ಮೀರಿ ನಿತ್ಯ ಸೇವಿಸಬಾರದೆಂದು ಸಲಹೆ ಕೊಟ್ಟಿತು. 2004ರ ನಿಯಮದಂತೆ ಅಲ್ಲಿ ಒಂದು ಕಿಲೋ ಮಿಠಾಯಿಯಲ್ಲಿ ಅದು 4 ಗ್ರಾಂ ಅಥವಾ ಹೆಚ್ಚಿದ್ದರೆ, ರಕ್ತದೊತ್ತಡ ಇರುವವರು ಅತಿಯಾಗಿ ತಿನ್ನಬಾರದೆಂದು ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕು. ಗ್ರಂದಿಗೆ ಅಂಗಡಿಯಲ್ಲಿ ತೂಗಿ ಕಾಗದದಲ್ಲಿ ಕಟ್ಟಿಕೊಡುವ ಬೇರಿಗೆ ಅಂಥ ಅಚ್ಚು ಇರುವುದಿಲ್ಲ. ನಾಲ್ಕು ದಿನದ ಕೆಮ್ಮಿಗೆ ಒಂದು ಚೂರು ಅಗಿಯುವವರಿಗೆ ಅದರಿಂದ ತೊಂದರೆ ಬರುವುದು ಅಪರೂಪ. ಎದೆಯುರಿಗೆಂದು ತಿಂಗಳುಗಟ್ಟಲೆ ಚಮಚ ಚಮಚ ಪುಡಿ ತಿನ್ನುವವರು, ಅದರಲ್ಲೂ ಬಿ.ಪಿ. ಮಾತ್ರೆಯಲ್ಲಿರುವವರು ಮತ್ತು ಗರ್ಭಿಣಿಯರು, ವೈದ್ಯರಿಗೆ ತಿಳಿಸಿಯೇ ತಿನ್ನಬೇಕು.